ದೊಡ್ಡತನ, ದೊಡ್ಡಸ್ತಿಕೆ

ಕಳೆದ ಸಂಚಿಕೆಯಲ್ಲಿ ನನ್ನ ಮೊದಲ ಹೆಡ್‌ಮಿಸ್ಟ್ರೆಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೊನೆತನಕ ಬಾಡಿಗೆ ಮನೆಯಲ್ಲೇ ಬದುಕಿದ ಆಕೆಯನ್ನು 'ನಾನು ಕಂಡ ಒಬ್ಬರೇ ಅರಿಸ್ಟಾಕ್ರಾಟ್' ಎಂದು ಕರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆ ಒಂದು ಪದದ ಮೇಲೆಯೇ ಬಿದ್ದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ಪ್ರಶ್ನೆ: ಅರಿಸ್ಟಾಕ್ರಸಿ ಅಂದರೆ ಅರಮನೆ, ಜಮೀನು, ಹುಟ್ಟುತ್ತಲೇ ಬಿರುದು ಇರುವವರು ಎಂದು ನಾವು ಓದಿದ್ದೇವೆ. ಬಾಡಿಗೆ ಮನೆಯ ಟೀಚರ್ ಅದು ಹೇಗೆ ಆಗುತ್ತಾರೆ? ಸುಮ್ನೆ ಅಲಂಕಾರಕ್ಕೆ ಬರೆದಿರಾ?

ಉತ್ತರ: ಸ್ವಲ್ಪ ಅಲಂಕಾರಕ್ಕೂ ಹೌದು. ಆದರೆ ಪದದ ಹುಟ್ಟು ನೋಡಿದರೆ ನಾನು ಬಚಾವ್. ಗ್ರೀಕ್‌ನಲ್ಲಿ 'ಅರಿಸ್ಟೋಸ್' ಅಂದರೆ ಎಲ್ಲರಿಗಿಂತ ಉತ್ತಮ, 'ಕ್ರಾಟೋಸ್' ಅಂದರೆ ಅಧಿಕಾರ. ಇದರಲ್ಲಿ ಹಣವೂ ಇಲ್ಲ, ಹುಟ್ಟೂ ಇಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಇದನ್ನು ಬಿಡಿಸಿ ಹೇಳಿದ. ಗುಣವಂತರು ಕೆಲವರು ಸೇರಿ ಎಲ್ಲರ ಒಳಿತಿಗಾಗಿ ಆಳಿದರೆ ಅದು ಅರಿಸ್ಟಾಕ್ರಸಿ. ದುಡ್ಡಿದ್ದವರು ತಮ್ಮ ಲಾಭಕ್ಕೆ ಆಳತೊಡಗಿದರೆ ಅದು ಕೆಟ್ಟುಹೋದ ರೂಪ, ಅದಕ್ಕೆ ಆಲಿಗಾರ್ಕಿ ಎಂದು ಬೇರೆಯೇ ಹೆಸರು. ಅವನ ಗುರು ಪ್ಲೇಟೊ ಇನ್ನೂ ಕಟ್ಟುನಿಟ್ಟು. ಅವನ ಕನಸಿನ ನಗರದಲ್ಲಿ ಆಳುವವರಿಗೆ ಸ್ವಂತ ಮನೆ ಇಲ್ಲ, ಚಿನ್ನ ಬೆಳ್ಳಿ ಮುಟ್ಟುವ ಹಾಗೂ ಇಲ್ಲ. ಅಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಆರಾಮಾಗಿ ಇರುತ್ತಿದ್ದರು.

ಗ್ರೀಕ್‌ಗಿಂತ ಕನ್ನಡವೇ ಇದನ್ನು ಚೆನ್ನಾಗಿ ಹಿಡಿದಿದೆ ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ಎರಡು ಪದಗಳಿವೆ. ಒಬ್ಬರು ನಮ್ಮ ತಪ್ಪನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಬಿಟ್ಟರೆ 'ಅದು ಅವರ ದೊಡ್ಡತನ' ಅನ್ನುತ್ತೇವೆ. ಇನ್ನೊಬ್ಬರು ಮುಂದಿನ ಸಾಲಿನ ಕುರ್ಚಿ ಸಿಗಲಿಲ್ಲ ಅಂತ ಮುಖ ಊದಿಸಿಕೊಂಡರೆ 'ಏನು ದೊಡ್ಡಸ್ತಿಕೆ ಇವರದು' ಅನ್ನುತ್ತೇವೆ. ಎರಡೂ 'ದೊಡ್ಡ'ದಿಂದಲೇ ಬಂದ ಪದಗಳು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ದೊಡ್ಡತನದ ವಿರುದ್ಧ ಪದ ಏನು, ಯೋಚಿಸಿ. ಬಡತನ ಅಲ್ಲ. ಸಣ್ಣತನ.

ಇದನ್ನು ನಾನು ಕ್ಲಾಸಿನಲ್ಲಿ ಹೇಳುವಾಗಲೆಲ್ಲ ಕನ್‌ಫ್ಯೂಷಿಯಸ್ ನೆನಪಾಗುತ್ತಿದ್ದ. ಕ್ರಿಸ್ತಪೂರ್ವ 551ರಲ್ಲಿ ಹುಟ್ಟಿದವನು. ಆ ಕಾಲದ ಚೀನಾದಲ್ಲಿ 'ಜುನ್‌ಜಿ' ಅಂದರೆ ಅಕ್ಷರಶಃ ಒಡೆಯನ ಮಗ. ಅವನು ಆ ಪದವನ್ನೇ ಎತ್ತಿಕೊಂಡು, ನಡತೆಯಿಂದ ದೊಡ್ಡವನಾದವನಿಗೆ ಹಚ್ಚಿಬಿಟ್ಟ. ಅದರ ಎದುರಿಗೆ ಇಟ್ಟ ಪದದ ಅರ್ಥ 'ಸಣ್ಣ ಮನುಷ್ಯ'. ಕನ್ನಡ ಗೊತ್ತಿದ್ದವರಿಗೆ ಅನುವಾದವೇ ಬೇಡ. ನಮ್ಮ ಪಂಪನೂ ಇದೇ ಕೆಲಸ ಮಾಡಿದ. ಕುಲದ ಮಾತೆತ್ತಿದ ದ್ರೋಣನಿಗೆ ಅವನ ಕರ್ಣ ಛಲವೂ ಗುಣವೂ ಅಭಿಮಾನವೂ ಕುಲ ಎಂದು ತಿರುಗಿ ಹೇಳುತ್ತಾನೆ.

ಇನ್ನು ಹೆಡ್‌ಮಿಸ್ಟ್ರೆಸ್ ವಿಷಯ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಇತಿಹಾಸದ ಪೇಪರ್‌ನಲ್ಲಿ ಒಬ್ಬ ಹುಡುಗಿಯ ಅಂಕ ಕೂಡುವಾಗ ಹತ್ತು ಬಿಟ್ಟುಬಿಟ್ಟೆ. ಹುಡುಗಿ ಫೇಲ್. ಮನೆಯಲ್ಲಿ ಅವಳಿಗೆ ಏನೇನಾಯಿತೋ, ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಅವಳ ಅಪ್ಪ ಪೇಪರ್ ಹಿಡಿದು ಬಂದರು. ಆಫೀಸಿನಲ್ಲಿ ಕೂಗಾಡಿದ್ದು ಕಾರಿಡಾರ್ ಕೊನೆತನಕ ಕೇಳುತ್ತಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ, ಕಾಲು ನಡುಗುತ್ತಿತ್ತು. ಮೇಡಂ ಪೇಪರ್ ತೆಗೆದುಕೊಂಡು, ಪೆನ್ಸಿಲ್ ಹಿಡಿದು, ನಿಧಾನವಾಗಿ ಕೂಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು. 'ತಪ್ಪು ನನ್ನದು. ನಿಮ್ಮ ಮಗಳ ಹತ್ತಿರ ನಾನೇ ಬಂದು ಹೇಳುತ್ತೇನೆ' ಎಂದರು. ಸಂಜೆ ಹೋಗಿ ಹೇಳಿಯೂ ಬಂದರು. ನನ್ನ ಹೆಸರು ಆ ಕೋಣೆಯಲ್ಲಿ ಬರಲೇ ಇಲ್ಲ. ಆ ಅಪ್ಪ ಹೋದ ಮೇಲೆ ಮೇಡಂ ನನ್ನನ್ನು ಕರೆದರು. ಬೈಗುಳಕ್ಕೆ ತಯಾರಾಗಿ ಹೋದೆ. 'ಇನ್ಮೇಲೆ ಎರಡು ಸಲ ಕೂಡಿ. ಒಂದು ಸಲ ಮೇಲಿಂದ ಕೆಳಕ್ಕೆ, ಒಂದು ಸಲ ಕೆಳಗಿಂದ ಮೇಲಕ್ಕೆ.' ಅಷ್ಟೇ. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಆ ಪದ ಅವರಿಗೆ ಸಲ್ಲುತ್ತದಾ ಇಲ್ಲವಾ, ನೀವೇ ಹೇಳಿ.

ಪ್ರಶ್ನೆ: 'ಗುಣದ ಅರಿಸ್ಟಾಕ್ರಸಿ' ಎಂಬುದು ಹಳೇ ದಬ್ಬಾಳಿಕೆಗೆ ಹೊಸ ಬಣ್ಣ. ಮೇಲಿದ್ದವರು ಯಾವಾಗಲೂ ತಮ್ಮನ್ನು ಗುಣವಂತರು ಎಂದೇ ಕರೆದುಕೊಂಡಿದ್ದಾರೆ. ಇತಿಹಾಸ ಕಲಿಸಿದ ನಿಮಗೆ ಇದು ಗೊತ್ತಿಲ್ಲವೇ?

ಉತ್ತರ: ಗೊತ್ತಿದೆ, ನಿಮ್ಮ ಸಿಟ್ಟೂ ಸರಿಯಾಗಿದೆ. ನಿಮ್ಮ ವಾದಕ್ಕೆ ನಾನೇ ಒಂದು ಸಾಕ್ಷಿ ಒದಗಿಸುತ್ತೇನೆ. 1813ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಹಳೇ ಗೆಳೆಯ ಜಾನ್ ಆಡಮ್ಸ್‌ಗೆ ಒಂದು ಪತ್ರ ಬರೆದ. ಹಣ ಮತ್ತು ಹುಟ್ಟಿನ ಅರಿಸ್ಟಾಕ್ರಸಿ ಕೃತಕ, ಗುಣ ಮತ್ತು ಪ್ರತಿಭೆಯದು ಸಹಜವಾದದ್ದು ಎಂಬುದು ಅದರ ಸಾರ. ಓದಿದರೆ ತಲೆದೂಗಬೇಕು, ಅಷ್ಟು ಚೆನ್ನಾಗಿದೆ. ಅದನ್ನು ಬರೆದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅವರಲ್ಲಿ ಎಷ್ಟು ಜನ ಸಹಜ ಅರಿಸ್ಟಾಕ್ರಾಟ್‌ಗಳಿದ್ದರೋ. ಹುಡುಕುವ ಕಷ್ಟ ಅವನು ತೆಗೆದುಕೊಳ್ಳಲಿಲ್ಲ.

ಹುಟ್ಟಿನ ಹಕ್ಕುಗಳು ಹೋದದ್ದಕ್ಕೆ ನನಗೆ ಒಂದು ಹನಿ ಕಣ್ಣೀರೂ ಇಲ್ಲ. 1789ರ ಆಗಸ್ಟ್ 4ರ ರಾತ್ರಿ ಫ್ರಾನ್ಸಿನ ಸಭೆಯಲ್ಲಿ ಶ್ರೀಮಂತ ಮನೆತನದವರು ಒಬ್ಬರ ಹಿಂದೊಬ್ಬರು ಎದ್ದು ತಮ್ಮ ವಿಶೇಷ ಹಕ್ಕುಗಳನ್ನು ಬಿಟ್ಟುಕೊಟ್ಟರು. ಕೇಳುವುದಕ್ಕೆ ಏನು ಉದಾರ! ಆದರೆ ಹಳ್ಳಿಗಳಲ್ಲಿ ಅವರ ಕೋಟೆಮನೆಗಳಿಗೆ ಆಗಲೇ ಬೆಂಕಿ ಬಿದ್ದಿತ್ತು. ಇನ್ನೊಂದು ತಮಾಷೆ. ಮೊದಲು ಎದ್ದು ತ್ಯಾಗದ ಮಾತಾಡಿದ ನೊವಾಯ್ ಎಂಬ ವೈಕೌಂಟ್‌ಗೆ ಬಿಟ್ಟುಕೊಡಲು ಜಮೀನೇ ಇರಲಿಲ್ಲ. ಆಸ್ತಿ ಹಿರಿಯ ಮಗನಿಗೆ, ಇವನು ಕಿರಿಯ ಮಗ ಪಾಪ. ಮರುವರ್ಷ ಬಿರುದುಗಳೂ ಹೋದವು. ಜಪಾನಿನಲ್ಲಿ 1947ರಲ್ಲಿ ಹೋದವು. ಹೋಗಲಿ ಬಿಡಿ.

ನಾನು ಹಿಡಿದುಕೊಂಡಿರುವುದು ಇಷ್ಟನ್ನೇ: ಈ ಪದವನ್ನು ಯಾರೂ ತನಗೆ ತಾನೇ ಹಚ್ಚಿಕೊಳ್ಳಬಾರದು. 'ನಾವು ಗುಣವಂತರು' ಎಂದು ಒಂದು ಗುಂಪು ಹೇಳಿಕೊಂಡ ಗಳಿಗೆಯಲ್ಲಿ ದೊಡ್ಡತನ ಹೋಗಿ ದೊಡ್ಡಸ್ತಿಕೆ ಬಂದು ಕೂತಿರುತ್ತದೆ. ಇನ್ನೊಬ್ಬರನ್ನು ನೋಡಿ ಹೇಳುವುದಕ್ಕೆ ಮಾತ್ರ ಆ ಪದ ಇರಲಿ.

ಪ್ರಶ್ನೆ: ಸಂಗೀತ, ಚಿತ್ರಕಲೆ ಬೆಳೆದಿದ್ದು ಅರಮನೆಗಳಲ್ಲಿ. ಅರಮನೆ ಹೋಯಿತು, ಅಭಿರುಚಿಯೂ ಹೋಯಿತು. ಇದನ್ನಾದರೂ ಒಪ್ಪುತ್ತೀರಾ?

ಉತ್ತರ: ಅರ್ಧ. ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. 1761ರಲ್ಲಿ ಜೋಸೆಫ್ ಹೈಡನ್ ಎಂಬ ಸಂಗೀತ ರಚನೆಕಾರ ಹಂಗೆರಿಯ ಎಸ್ಟರ್‌ಹಾಜಿ ಎಂಬ ಭಾರೀ ಶ್ರೀಮಂತ ಮನೆತನದಲ್ಲಿ ಕೆಲಸಕ್ಕೆ ಸೇರಿದ. ಹೈಡನ್‌ನ ಅಪ್ಪ ಗಾಡಿಯ ಚಕ್ರ ಮಾಡುತ್ತಿದ್ದವನು. ಸಂಗೀತಗಾರ ಅಂದರೆ ಆಗ ಮನೆಯ ನೌಕರರಲ್ಲಿ ಒಬ್ಬ. ಸಮವಸ್ತ್ರ ಹಾಕಬೇಕು, ಬಿಳಿ ಕಾಲುಚೀಲ ಹಾಕಬೇಕು, ದಿನಾ ಒಡೆಯರ ಕೋಣೆಯ ಹೊರಗೆ ಬಂದು ನಿಂತು ಇವತ್ತು ಏನು ನುಡಿಸಬೇಕು ಎಂದು ಕೇಳಬೇಕು. ಇದೆಲ್ಲ ಕರಾರುಪತ್ರದಲ್ಲೇ ಇತ್ತು. ಹೀಗೆ ಹತ್ತಿರಹತ್ತಿರ ಮೂವತ್ತು ವರ್ಷ.

1772ರಲ್ಲಿ ಆ ಮನೆತನದ ಒಡೆಯ, ರಾಜಕುಮಾರ ನಿಕೊಲಾಸ್ ತನ್ನ ಬೇಸಿಗೆ ಅರಮನೆಯಿಂದ ಹೊರಡುವ ಯೋಚನೆಯನ್ನೇ ಮಾಡಲಿಲ್ಲ. ವಾದ್ಯಗಾರರ ಹೆಂಡತಿ ಮಕ್ಕಳು ದೂರದ ಊರಿನಲ್ಲಿ. ಇವರು ಇಲ್ಲಿ ತಿಂಗಳುಗಟ್ಟಲೆ. ಎಲ್ಲರೂ ಹೈಡನ್ ಹತ್ತಿರ ಬಂದು ಗೋಳಾಡಿದರು. ಅವನಿಗೇನು ಮನೆ ಸೇರುವ ಆತುರ ಇರಲಿಲ್ಲ ಅನ್ನಿ, ಅವನ ಸಂಸಾರ ಅಷ್ಟಕ್ಕಷ್ಟೆ. ಆದರೂ ಒಂದು ಸಿಂಫನಿ, ಅಂದರೆ ಇಡೀ ವಾದ್ಯಮೇಳ ನುಡಿಸುವ ದೊಡ್ಡ ಕೃತಿ, ಬರೆದ. ಕೊನೆಯ ಭಾಗದಲ್ಲಿ ಗದ್ದಲ ನಿಂತು ನಿಧಾನದ ಸಂಗೀತ ಶುರುವಾಗುತ್ತದೆ. ಒಬ್ಬ ವಾದ್ಯಗಾರ ತನ್ನ ಪಾಲು ಮುಗಿಸಿ, ಎದುರಿನ ಮೇಣದಬತ್ತಿ ಆರಿಸಿ, ಎದ್ದು ಹೋಗುತ್ತಾನೆ. ಆಮೇಲೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ. ವೇದಿಕೆ ಕತ್ತಲಾಗುತ್ತಾ ಬರುತ್ತದೆ. ಕೊನೆಗೆ ಉಳಿಯುವುದು ಎರಡೇ ಪಿಟೀಲು. ಅವೂ ಸದ್ದು ಇಳಿಸಿಕೊಂಡು ನಿಲ್ಲುತ್ತವೆ. ರಾಜಕುಮಾರನಿಗೆ ಅರ್ಥವಾಯಿತು. ಮರುದಿನವೇ ಎಲ್ಲರೂ ಹೊರಡಲು ಅಪ್ಪಣೆ ಸಿಕ್ಕಿತು ಎಂದು ಹೇಳುತ್ತಾರೆ.

ಇಲ್ಲಿ ಅರಿಸ್ಟಾಕ್ರಾಟ್ ಯಾರು? ಕ್ಲಾಸಿನಲ್ಲಿ ಕೇಳಿದಾಗ ಮಕ್ಕಳು ಒಂದೇ ಗಂಟಲಲ್ಲಿ 'ಹೈಡನ್' ಅನ್ನುತ್ತಿದ್ದರು. ತನಗಾಗಿ ಏನೂ ಕೇಳಲಿಲ್ಲ, ಕೈಕೆಳಗಿನವರಿಗಾಗಿ ಕೇಳಿದ. ಗೋಗರೆಯಲಿಲ್ಲ, ಸೆಟೆದು ನಿಲ್ಲಲೂ ಇಲ್ಲ. ಹೌದು, ನನಗೂ ಅವನೇ. ಆದರೆ ವಯಸ್ಸಾಗುತ್ತಾ ನಿಕೊಲಾಸ್‌ಗೂ ಸ್ವಲ್ಪ ಪಾಲು ಕೊಡುತ್ತಿದ್ದೇನೆ. ಅವನಿಗೆ ರೇಗಬಹುದಿತ್ತು. 'ನೌಕರರಿಗೆ ಎಷ್ಟು ಸೊಕ್ಕು' ಎಂದು ಅರ್ಧ ಜನರನ್ನು ಮನೆಗೆ ಕಳಿಸಬಹುದಿತ್ತು. ಕೇಳಿಸಿಕೊಂಡ.

ಕೇಳಿಸಿಕೊಳ್ಳುವ ಕಿವಿ ಹೇಗೆ ಬಂತು ಅಂದರೆ, ಅವನು ಸ್ವತಃ ನುಡಿಸುತ್ತಿದ್ದ. ಬಾರಿಟಾನ್ ಎಂಬ ತೊಡಕಿನ ತಂತಿವಾದ್ಯ. ಅವನಿಗೋಸ್ಕರವೇ ಹೈಡನ್ ಆ ವಾದ್ಯಕ್ಕೆ 120ಕ್ಕೂ ಹೆಚ್ಚು ಟ್ರಿಯೊ (ಮೂರು ವಾದ್ಯಗಳ ಕೃತಿ) ಬರೆದ. ದುಡ್ಡು ಕೊಟ್ಟು ಸಂಗೀತ ಕೊಂಡವರು ಬೇಕಾದಷ್ಟು ಜನ. ಬೆರಳು ನೋಯಿಸಿಕೊಂಡು ಕಲಿತು, ತನ್ನ ನೌಕರ ತನಗಿಂತ ಎಷ್ಟು ಮೇಲಿದ್ದಾನೆ ಎಂದು ಅಳೆಯಬಲ್ಲವರು ಕಡಿಮೆ. ಅರಮನೆ ಹೋದದ್ದರಿಂದ ಅಭಿರುಚಿ ಹೋಗಲಿಲ್ಲ. ಕಲಿಯದೆಯೇ ತೀರ್ಪು ಕೊಡುವ ಅಭ್ಯಾಸ ಜಾಸ್ತಿಯಾಯಿತು, ಅದರಿಂದ ಹೋಗುತ್ತಿದೆ. ಈ ಕಲಿಕೆಗೆ ಅರಮನೆ ಬೇಕಿಲ್ಲ, ಬಿಡುವು ಬೇಕು. ಬಿಡುವು ಇವತ್ತಿಗೂ ಎಲ್ಲರಿಗೆ ಸಮನಾಗಿ ಸಿಕ್ಕಿಲ್ಲ ಅನ್ನುವುದು ನಿಜ. ಹಿಂದಿನ ಪತ್ರದವರು ಈ ಸಾಲು ನೋಡಿ ನಗುತ್ತಿರಬಹುದು.

ಪ್ರಶ್ನೆ: ಅಧ್ಯಾತ್ಮದಲ್ಲಿ ಎಲ್ಲರೂ ಸಮಾನ ಎನ್ನುತ್ತಾರೆ. ಅಲ್ಲಿ ಈ ಮೇಲು ಕೀಳಿನ ಪದ ಯಾಕೆ?

ಉತ್ತರ: ಮೇಲಿನವರಿಗೆ ಇದ್ದ ಪದ 'ಆರ್ಯ'. ಬುದ್ಧ ಆ ಪದವನ್ನು ಎಸೆಯಲಿಲ್ಲ, ತಿರುಗಿಸಿದ. 'ಆರ್ಯ' ಸತ್ಯ ಅಂದ, 'ಆರ್ಯ' ಮಾರ್ಗ ಅಂದ. ಆದರೆ ಯಾರೂ ಹುಟ್ಟಿನಿಂದ ಮೇಲಿನವರಾಗುವುದಿಲ್ಲ, ಮಾಡುವ ಕೆಲಸದಿಂದ ಆಗುತ್ತಾರೆ ಎಂದೂ ಹೇಳಿದ. ಅರಮನೆ ಬಿಟ್ಟು ಬಂದವನು ಹೇಳಿದ್ದರಿಂದ ಅದಕ್ಕೆ ತೂಕ ಇತ್ತು.

ನನಗೆ ಇಷ್ಟವಾಗುವವರು ಸ್ಟೋಯಿಕ್ ಮಂದಿ, ಗುಣವೊಂದೇ ನಿಜವಾದ ಒಳಿತು ಎನ್ನುತ್ತಿದ್ದ ಹಳೇ ಗ್ರೀಕ್, ರೋಮನ್ ತತ್ತ್ವಜ್ಞಾನಿಗಳು. ಅವರಲ್ಲಿ ಕ್ಲಿಯಾಂತಿಸ್ ಎಂಬುವನು ರಾತ್ರಿಯೆಲ್ಲ ತೋಟಗಳಿಗೆ ನೀರು ಹೊತ್ತು ಹಗಲು ತತ್ತ್ವಶಾಸ್ತ್ರ ಓದುತ್ತಿದ್ದ. ಮುಂದೆ ಅದೇ ಪಾಠಶಾಲೆಗೆ ಮುಖ್ಯಸ್ಥನಾದ. ಎಪಿಕ್ಟೀಟಸ್ ಗುಲಾಮನಾಗಿದ್ದವನು, ಕಾಲು ಬೇರೆ ಕುಂಟು. ಮಾರ್ಕಸ್ ಅರೀಲಿಯಸ್ 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ತನಗಾಗಿ ಬರೆದುಕೊಂಡ ಟಿಪ್ಪಣಿಗಳಲ್ಲಿ ಚಕ್ರವರ್ತಿ ತನ್ನ ಒಬ್ಬ ಗುರುವನ್ನು ನೆನೆಯುತ್ತಾನೆ. ಯಾಕೆ ಗೊತ್ತಾ? ಎಪಿಕ್ಟೀಟಸ್‌ನ ಮಾತುಗಳ ಪ್ರತಿಯನ್ನು ಓದಲು ಕೊಟ್ಟಿದ್ದಕ್ಕೆ. ಅರ್ಧ ಜಗತ್ತು ಆಳುವವನು ಒಬ್ಬ ಗುಲಾಮನ ಶಿಷ್ಯ. ಇವರಿಬ್ಬರಲ್ಲಿ ಮೇಲು ಯಾರು ಎಂದು ಕೇಳುವುದೇ ಅಸಂಬದ್ಧ, ಅಲ್ವಾ? ಆ ಎತ್ತರದಲ್ಲಿ ಯಾರೂ ಇನ್ನೊಬ್ಬರನ್ನು ತಳ್ಳಿ ನಿಲ್ಲಬೇಕಿಲ್ಲ. ಜಾಗ ಬೇಕಾದಷ್ಟಿದೆ.

ಪ್ರಶ್ನೆ: ಕೊನೆಗೆ ಒಂದು ಮಾತು ಮೇಡಂ. ನೀವು ಅರಿಸ್ಟಾಕ್ರಾಟಾ?

ಉತ್ತರ: ಇಲ್ಲ. ತಮಾಷೆಗೆ ಕೇಳಿದ್ದೀರಿ, ಆದರೂ ನಿಜ ಹೇಳುತ್ತೇನೆ.

ಮೊದಲು ಹೇಳಿದ ಘಟನೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ಬೇರೆ ಶಾಲೆಯಲ್ಲಿ ನಾನೇ ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ಕೂತಿದ್ದೆ. ಒಬ್ಬ ಹುಡುಗನ ವರ್ಗಾವಣೆ ಪತ್ರದಲ್ಲಿ ಹುಟ್ಟಿದ ತಾರೀಕು ತಪ್ಪಾಗಿ ಬಿತ್ತು. ಅವನ ತಾಯಿ ಬಂದು ಕೇಳಿದರು. ಕೂಗಾಡಲಿಲ್ಲ, ಮೆತ್ತಗೇ ಕೇಳಿದರು. ಸಹಿ ನನ್ನದೇ ಇತ್ತು. ಓದದೆ ಹಾಕಿದ ಸಹಿ. ನನ್ನ ಬಾಯಿಂದ ಬಂದ ಮೊದಲ ಮಾತು 'ಅಯ್ಯೋ, ನಮ್ಮ ಕ್ಲರ್ಕ್ ಮಾಡಿದ್ದು ಅದು.' ಹೇಳಿ ತಲೆ ಎತ್ತಿದರೆ ಆ ಕ್ಲರ್ಕ್ ಫೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಹೊಸಬ. ನಾನು ಒಂದು ಕಾಲದಲ್ಲಿ ನಿಂತ ಹಾಗೆಯೇ ನಿಂತಿದ್ದ. ಆಮೇಲೆ ಅವನಿಗೆ ಏನೋ ಸಮಾಧಾನ ಹೇಳಿದೆ. 'ಪರವಾಗಿಲ್ಲ ಮೇಡಂ' ಅಂದ. ಆ ತಾಯಿಯ ಎದುರು ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ನನ್ನ ಹೆಡ್‌ಮಿಸ್ಟ್ರೆಸ್‌ರಿಂದ ನನಗೆ ಬಂದದ್ದು ಲೆಕ್ಕದ ಪಾಠ ಮಾತ್ರ. ಯಾವ ಮೊತ್ತ ಕಂಡರೂ ಈಗಲೂ ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ ಕೂಡುತ್ತೇನೆ.