ಮಹಿಳಾ ಮ್ಯಾನೇಜರ್‌ಗಳು ಒಂದಿಬ್ಬರಿಗೇ ಮಣೆ ಹಾಕೋದು ಯಾಕೆ?

ಮ್ಯಾನೇಜರ್ ಹೆಂಗಸಾದರೆ ತಮಗೆ ಬೇಕಾದವರಿಗಷ್ಟೇ ಮಣೆ ಹಾಕುತ್ತಾರೆ, ಅದು ಅವರ ಸ್ವಭಾವವೇ ಅಂತ ಕೇಳಿದ್ದೀರಿ. ಸ್ವಭಾವ ಅಂತ ನನಗೆ ಅನಿಸುವುದಿಲ್ಲ. ಗಂಡಸರ ಕೈಕೆಳಗೂ ಹೆಂಗಸರ ಕೈಕೆಳಗೂ ಕೆಲಸ ಮಾಡಿದ್ದೇನೆ. ಇಬ್ಬರಿಗೂ ‘ನಮ್ಮವರು’ ಅಂತ ಒಂದಷ್ಟು ಜನ ಇದ್ದೇ ಇದ್ದರು.

‘ನಮ್ಮವರು’ ಹುಟ್ಟಿಕೊಳ್ಳೋಕೆ ದೊಡ್ಡ ಕಾರಣವೂ ಬೇಕಿಲ್ಲ. ಹೆನ್ರಿ ತಾಜ್‌ಫೆಲ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ಆಸುಪಾಸಿನಲ್ಲಿ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನಿಮ್ಮ ಇಷ್ಟದ ಪ್ರಕಾರ ಗುಂಪು ಮಾಡಿದ್ದೇವೆ ಅಂದರು. ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿಲ್ಲದ ಹುಡುಗರು ತಮ್ಮ ಕಡೆಯವರಿಗೇ ಜಾಸ್ತಿ ದುಡ್ಡು ಹಂಚಿದರು!

ಹೆಂಗಸರ ವಿಷಯದಲ್ಲಿ ಇದರ ಜೊತೆಗೆ ಭಯವೂ ಸೇರುತ್ತದೆ. ಗಂಡಸರೇ ತುಂಬಿರುವ ಕಡೆ ಒಬ್ಬಿಬ್ಬರೇ ಹೆಂಗಸರಿದ್ದರೆ ಎಲ್ಲರ ಕಣ್ಣು ಅವರ ಮೇಲೇ ಇರುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ಬರೆದಿದ್ದರು. ನನ್ನ ಹಿಂದಿನ ಮ್ಯಾನೇಜರ್ ಮೇಡಂ ಒಮ್ಮೆ ತೋರಿಸಿದ ಸ್ಲೈಡ್‌ನಲ್ಲಿ ಒಂದು ಅಂಕಿ ತಪ್ಪಿತ್ತು. ಡೈರೆಕ್ಟರ್ ಎಲ್ಲರ ಎದುರೇ ಬೈದರು. ಅದೇ ತಿಂಗಳು ಪಕ್ಕದ ಟೀಮಿನ ಮ್ಯಾನೇಜರ್ ಸಾರ್ ಅಂಥದ್ದೇ ತಪ್ಪು ಮಾಡಿದಾಗ ಸಭೆಯಲ್ಲಿ ನಗು, ಅಷ್ಟೇ. ಆಮೇಲೆ ಮೇಡಂ ಮುಖ್ಯ ಸ್ಲೈಡುಗಳನ್ನೆಲ್ಲ ಒಬ್ಬಳೇ ಹುಡುಗಿಗೆ ಕೊಡತೊಡಗಿದರು. ಅವಳು ಪ್ರತಿ ಅಂಕಿಯನ್ನೂ ಎರಡೆರಡು ಸಲ ನೋಡುತ್ತಿದ್ದಳು. ಮಾಡುತ್ತಾ ಮಾಡುತ್ತಾ ಅವಳ ಕೈ ಪಳಗಿತು, ಪ್ರಮೋಷನ್ನೂ ಬಂತು. ಮೀಟಿಂಗ್ ನೋಟ್ಸ್ ಬರೆಯೋದು ಮಾತ್ರ ನಮ್ಮ ಪಾಲಿಗೇ ಉಳಿಯಿತು. ಅನ್ಯಾಯವೇ, ಇಲ್ಲ ಅನ್ನಲ್ಲ.

ಇನ್ನು ಬೆಳೆಸಿದ ರೀತಿ. ಗಂಡಸು ಚುಟುಕಾಗಿ ಕೆಲಸ ಹೇಳಿದರೆ ಖಡಕ್ ಬಾಸ್, ಹೆಂಗಸು ಹೇಳಿದರೆ ಜಂಭ. ಹಾಗಾಗಿ ಎಷ್ಟೋ ಜನ ಮಾತು, ವಿಶ್ವಾಸದಿಂದಲೇ ಕೆಲಸ ತೆಗೆಸೋದನ್ನು ಕಲಿತಿರುತ್ತಾರೆ. ಮನೆ ಕಷ್ಟಸುಖ ಹೇಳಿಕೊಳ್ಳುವವರು ಹತ್ತಿರವಾಗುತ್ತಾರೆ, ತಲೆ ತಗ್ಗಿಸಿ ಕೆಲಸ ಮಾಡುವವರು ದೂರ ಉಳಿಯುತ್ತಾರೆ. ಗಂಡಸರ ಇಂಥ ಸಲಿಗೆ ಸಿಗರೇಟು ಸೇದುವ ಜಾಗದಲ್ಲೋ ಸಂಜೆಯ ಪಾರ್ಟಿಯಲ್ಲೋ ಬೆಳೆಯುತ್ತದೆ. ಅದು ನಮ್ಮ ಕಣ್ಣಿಗೆ ಬೀಳಲ್ಲ, ಅಲ್ವಾ?

ಇದಕ್ಕೆ ವಿರುದ್ಧವಾದದ್ದೂ ಇದೆ. ಕಷ್ಟಪಟ್ಟು ಮೇಲೆ ಬಂದ ಕೆಲವರು ಬೇರೆ ಹೆಂಗಸರನ್ನೇ ದೂರ ಇಡುತ್ತಾರೆ. ಅದಕ್ಕೆ ‘ಕ್ವೀನ್ ಬೀ’ (ರಾಣಿ ಜೇನು) ಅಂತ ಹೆಸರಿಟ್ಟಿದ್ದಾರೆ. ನೆದರ್ಲೆಂಡ್ಸ್‌ನ ಬೆಲ್ಲೆ ಡರ್ಕ್ಸ್, ನವೋಮಿ ಎಲೆಮರ್ಸ್ ಮುಂತಾದ ಮನಶ್ಶಾಸ್ತ್ರಜ್ಞರ ಪ್ರಕಾರ ಇದು ಹುಟ್ಟುಗುಣವಲ್ಲ, ಹೆಂಗಸರನ್ನು ಕೀಳಾಗಿ ಕಾಣುವ ಕಚೇರಿಗಳಲ್ಲಿ ಬೆಳೆಯುವ ಗುಣ.

ನಿಮ್ಮ ಕಚೇರಿಯಲ್ಲಿ ಯಾರು ಯಾರ ಜೊತೆ ನಗುತ್ತಾರೆ ಅನ್ನೋದು ಬಿಡಿ, ಯಾವ ಕೆಲಸ ಯಾರಿಗೆ ಹೋಗುತ್ತಿದೆ ಅಂತ ಕೆಲವು ವಾರ ಬರೆದಿಡಿ. ‘ನನಗೆ ಯಾಕೆ ಕೊಡಲ್ಲ’ ಅಂತ ಸುಮ್ನೆ ಜಗಳಕ್ಕೆ ಇಳಿಯಬೇಡಿ. ‘ಮುಂದಿನ ರಿಪೋರ್ಟ್ ನಾನು ಮಾಡ್ತೀನಿ ಮೇಡಂ, ಎರಡು ದಿನ ಮೊದಲೇ ನಿಮಗೆ ತೋರಿಸ್ತೀನಿ’ ಅಂತ ಕೇಳಿ ನೋಡಿ. ಅದಕ್ಕೂ ಒಪ್ಪದಿದ್ದರೆ ಆ ಪಟ್ಟಿ ಹಿಡಿದು ಎಚ್‌ಆರ್ ಹತ್ತಿರ ಹೋಗಿ.