ಚಿತ್ರ ಪ್ರಶ್ನೋತ್ತರ: ಮಿಯಾ, ಸೆಬಾಸ್ಟಿಯನ್ ಒಂದಾಗಬಾರದಿತ್ತೇ?

ಪ್ರಶ್ನೆ: ‘ಲಾ ಲಾ ಲ್ಯಾಂಡ್’ (2016) ಚಿತ್ರದಲ್ಲಿ ಮಿಯಾ ನಟಿಯಾದಳು, ಸೆಬಾಸ್ಟಿಯನ್ ಜಾಝ್ ಕ್ಲಬ್ ತೆರೆದ. ಇಬ್ಬರೂ ಗೆದ್ದ ಮೇಲೂ ಬೇರೆ ಮಾಡಿದ್ದೇಕೆ? ಕಣ್ಣೀರು ತರಿಸಲು ನಿರ್ದೇಶಕರು ಹೂಡಿದ ಆಟವೇ?
– ಓದುಗರು, ಧಾರವಾಡ

ಉತ್ತರ: ಅಲ್ಲ. ಬಿರುಕು ಬಿಡುವುದು ಚಿತ್ರದ ನಡುವೆಯೇ, ಒಂದು ಫೋನ್ ಕರೆಯಲ್ಲಿ. ಸೆಬಾಸ್ಟಿಯನ್‌ನ ಸಂಪಾದನೆಯ ಬಗ್ಗೆ ಮಿಯಾ ತನ್ನ ತಾಯಿಗೆ ಸಮಜಾಯಿಷಿ ಕೊಡುತ್ತಿರುವುದು ಅವನ ಕಿವಿಗೆ ಬೀಳುತ್ತದೆ. ಹಳೆಯ ಜಾಝ್‌ಗಾಗಿಯೇ ಬದುಕಿದ್ದವನು ಕೈತುಂಬ ಸಂಬಳಕ್ಕೆ ಹಳೆಯ ಪರಿಚಯದ ಕೀತ್‌ನ ಪಾಪ್ ಬ್ಯಾಂಡ್ ಸೇರುತ್ತಾನೆ. ಅವನ ಲೆಕ್ಕದಲ್ಲಿ ಅದು ಅವಳಿಗಾಗಿ. ಅವಳ ಕಣ್ಣಿಗೆ ಅವನು ಕನಸು ಕೈಬಿಟ್ಟವನು. ರಾತ್ರಿಯೂಟದ ಜಗಳದಲ್ಲಿ ಇದೆಲ್ಲ ಹೊರಬೀಳುತ್ತದೆ. ಅಲ್ಲಿನ ಸದ್ದನ್ನು ಗಮನಿಸಿ: ತಿರುಗುತ್ತಿದ್ದ ರೆಕಾರ್ಡ್ ಮುಗಿಯುತ್ತದೆ, ಸಂಗೀತದ ಆಸರೆಯಿಲ್ಲದೆ ಮಾತುಗಳು ಬತ್ತಲಾಗುತ್ತವೆ, ಕೊನೆಗೆ ಓವನ್‌ನಲ್ಲಿ ಅಡುಗೆ ಸೀದು ಹೊಗೆಯ ಅಲಾರಂ ಕೂಗುತ್ತದೆ. ಮುಂದೆ ಬ್ಯಾಂಡ್‌ನ ಫೋಟೊ ಶೂಟ್‌ಗೆ ಸಿಕ್ಕಿಕೊಂಡು ಅವಳ ಏಕವ್ಯಕ್ತಿ ನಾಟಕವನ್ನೂ ತಪ್ಪಿಸಿಕೊಳ್ಳುತ್ತಾನೆ.

ಬೇರೆಯಾಗದಿದ್ದರೆ ಬದುಕು ಹೇಗಿರುತ್ತಿತ್ತು ಎಂಬ ಕೊನೆಯ ಕಲ್ಪನೆಯ ಭಾಗವನ್ನು ಮತ್ತೊಮ್ಮೆ ನೋಡಿ. ಅಲ್ಲಿ ಇಬ್ಬರೂ ಒಂದಾಗಿದ್ದಾರೆ, ನಿಜ. ಆದರೆ ಅವನು ಅವಳ ಜೊತೆ ಪ್ಯಾರಿಸ್‌ಗೆ ಹೋಗಿಬಿಟ್ಟಿದ್ದಾನೆ. ಜಾಝ್ ಕ್ಲಬ್ ಒಂದಕ್ಕೆ ಬಂದಾಗಲೂ ಪ್ರೇಕ್ಷಕನಾಗಿ ಕೂತು ಬೇರೊಬ್ಬರ ಪಿಯಾನೊ ಕೇಳುತ್ತಾನೆ. ಕಲ್ಪನೆಯಲ್ಲೂ ಸಂಸಾರ ಉಳಿದದ್ದು ಅವನ ಕ್ಲಬ್ ಹೋದದ್ದರಿಂದ! ಈ ಲೆಕ್ಕವನ್ನು ಬಾಯಿಬಿಟ್ಟು ಹೇಳದಿರುವುದೇ ನಿರ್ದೇಶಕ ಡೇಮಿಯನ್ ಶಾಜೆಲ್ ಅವರ ಜಾಣತನ.

ಪ್ರಶ್ನೆ: ಮುಸ್ಸಂಜೆಯಲ್ಲಿ ಅವರಿಬ್ಬರೂ ಗುಡ್ಡದ ಮೇಲೆ ಕುಣಿಯುವ ಹಾಡಿನಂತೆ ಒಂದೇ ಶಾಟ್‌ನಲ್ಲಿ, ಮೊಬೈಲ್‌ನಲ್ಲಿ ತೆಗೆಯಬಹುದೇ? ಕಿರುಚಿತ್ರಕ್ಕೆ ಬೇಕಿತ್ತು.
– ಓದುಗರು, ಚಿಕ್ಕಮಗಳೂರು

ಉತ್ತರ: ತೆಗೆಯಬಹುದು, ಆದರೆ ಹಾಡು ಎರಡು ನಿಮಿಷ ದಾಟದಿರಲಿ. ಆ ಹಾಡು ತೆಗೆದ ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ಗಿಂತ ನಮ್ಮಲ್ಲಿ ಸಂಜೆಬೆಳಕು ಬೇಗ ಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಸುಮಾರು 22 ನಿಮಿಷ. ಮುಖ ಚೆನ್ನಾಗಿ ಕಾಣುವುದು ಅದರ ಅರ್ಧದಷ್ಟು ಹೊತ್ತು. ಅಂದರೆ ಮೂರು ಟೇಕ್, ಹೆಚ್ಚೆಂದರೆ ನಾಲ್ಕು. ತಾಲೀಮನ್ನೆಲ್ಲ ಹಗಲಲ್ಲೇ ಮುಗಿಸಿ, ಕಾಲಿಡುವ ಜಾಗಕ್ಕೂ ಕ್ಯಾಮೆರಾ ನಡೆಯುವ ದಾರಿಗೂ ನೆಲದ ಮೇಲೆ ಗುರುತು ಹಾಕಿ.

ಹೆಚ್ಚಿನವರು ಎಡವುವುದು ಆಟೊ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಬೆಳಕಿನ ಪ್ರಮಾಣವನ್ನು ಫೋನೇ ಹೊಂದಿಸಿಕೊಳ್ಳುವುದರಲ್ಲಿ. ಫ್ರೇಮ್‌ಗೆ ಆಕಾಶ ಬಂದೊಡನೆ ಮುಖ ಕಪ್ಪಾಗುತ್ತದೆ, ಬಣ್ಣ ನಡುವೆಯೇ ಬದಲಾಗುತ್ತದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರನ್ನೂ ಲಾಕ್ ಮಾಡಿ. ಬೆಳಕು ಇಳಿಯುತ್ತಲೇ ಇರುವುದರಿಂದ ಪ್ರತಿ ಟೇಕ್‌ಗೂ ಹೊಸದಾಗಿ ಲಾಕ್ ಮಾಡಬೇಕು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 1/60 ಇಟ್ಟರೆ ಬೀದಿದೀಪ ಮಿನುಗಬಹುದು. ಹಾಡು ನುಡಿಸುವ ಸ್ಪೀಕರ್ ನರ್ತಕರ ಹತ್ತಿರವೇ ಇರಲಿ. 34 ಮೀಟರ್ ದೂರವಿಟ್ಟರೆ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪಿ, ಹೆಜ್ಜೆ ತಾಳ ತಪ್ಪಿದಂತೆ ಕಾಣುತ್ತದೆ.

ಚಿತ್ರದ ಅಗಲ, ಎತ್ತರದ ಅನುಪಾತ 2.55:1. ಅದೇ ಬೇಕಿದ್ದರೆ 3840×2160ರಲ್ಲಿ ತೆಗೆದು ಮೇಲೆ, ಕೆಳಗೆ ತಲಾ 327 ಸಾಲು ಕತ್ತರಿಸಿ. ಚಿತ್ರೀಕರಿಸುವಾಗಲೇ ಪರದೆಗೆ ಟೇಪ್ ಅಂಟಿಸಿಕೊಂಡರೆ ಪಾದ ತಪ್ಪಿಹೋಗುವುದಿಲ್ಲ. ಪಾದವೇ ಕಾಣದ ಕುಣಿತವನ್ನು ಯಾರು ನೋಡುತ್ತಾರೆ?

ಪ್ರಶ್ನೆ: ಪಿಯಾನೊ ನುಡಿಸಿದ್ದು ಸೆಬಾಸ್ಟಿಯನ್ ಪಾತ್ರಧಾರಿ ರಯಾನ್ ಗೋಸ್ಲಿಂಗ್ ಅವರೇ?
– ಓದುಗರು, ಮೈಸೂರು

ಉತ್ತರ: ತೆರೆಯ ಮೇಲಿನ ಬೆರಳು ಅವರದ್ದೇ; ತಿಂಗಳುಗಟ್ಟಲೆ ಕಲಿತರು, ಕೈಗೆ ಡೂಪ್ ಇಲ್ಲ. ಕೇಳುವ ನಾದ ಮಾತ್ರ ಪಿಯಾನೊ ವಾದಕ ರ‍್ಯಾಂಡಿ ಕರ್ಬರ್ ಅವರು ಮೊದಲೇ ನುಡಿಸಿ ಧ್ವನಿಮುದ್ರಿಸಿದ್ದು. ಮಿಯಾ ಪಾತ್ರಧಾರಿ ಎಮ್ಮಾ ಸ್ಟೋನ್ ಅವರ ಆಡಿಷನ್ ಹಾಡು ಇದಕ್ಕೆ ತದ್ವಿರುದ್ಧ: ಅದನ್ನು ಸೆಟ್‌ನಲ್ಲೇ ಹಾಡಿದ್ದಾರೆ.