ವೆಟ್‌ಸೂಟ್‌ಗೆ ಬಿಸಿಲು ಬೇಡ, ಗಾಳಿ ಬೇಕು

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡಿ ಶಿವಮೊಗ್ಗಕ್ಕೆ ಬಂದು ಎರಡು ದಿನವಾದರೂ ವೆಟ್‌ಸೂಟ್ (ನೀರಿಗಿಳಿಯುವಾಗ ಹಾಕುವ ಮೈಗಂಟುವ ಉಡುಪು) ಒಣಗಿಲ್ಲ, ಫ್ಲಾಟಿನ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಅದನ್ನು ಮಾಡೋದು ನಿಯೋಪ್ರೀನ್‌ನಿಂದ, ಅಂದರೆ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರ್. ಬಿಸಿಲಿಗೂ ಕಾವಿಗೂ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಾನೊಮ್ಮೆ ಊರಲ್ಲಿ ಬಚ್ಚಲೊಲೆ ಮೇಲಿನ ಗಳಕ್ಕೆ ಹಾಕಿದ್ದೆ, ಎಲ್ಲ ಬಟ್ಟೆಯೂ ಅಲ್ಲೇ ಒಣಗೋದಲ್ವಾ ಅಂತ. ಮಂಡಿಯ ಹತ್ತಿರ ಹಪ್ಪಳದ ಹಾಗೆ ಗಟ್ಟಿಯಾಯಿತು. ಹೊಗೆ ವಾಸನೆ ಬೇರೆ!

ಮೊದಲು ಉಪ್ಪು ಬಿಡಿಸಿ. ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆದುಕೊಂಡು ಹಸಿಯಾಗೇ ಇರುತ್ತದೆ. ಬಕೆಟ್ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಬದಲಿಸಿ ಜಾಲಿಸಿ. ಹಿಂಡಬೇಡಿ, ವಾಷಿಂಗ್ ಮೆಷಿನ್ನಿಗೂ ಹಾಕಬೇಡಿ. ದಪ್ಪ ಟವೆಲ್ ಮೇಲೆ ಹಾಸಿ, ಎರಡನ್ನೂ ಚಾಪೆಯ ಹಾಗೆ ಸುತ್ತಿ, ಮೇಲೆ ಮಂಡಿಯೂರಿ ಒತ್ತಿ. ಅರ್ಧ ನೀರು ಟವೆಲ್ಲಿಗೇ ಹೋಗುತ್ತದೆ.

ಆಮೇಲೆ ಒಳಮೈ ಹೊರಗೆ ಮಾಡಿ, ಸೊಂಟದಲ್ಲಿ ಮಡಚಿ ದಪ್ಪ ಹ್ಯಾಂಗರಿಗೆ ಹಾಕಿ. ಭುಜದಿಂದ ನೇತು ಹಾಕಿದರೆ ನೀರಿನ ಭಾರಕ್ಕೆ ಜಗ್ಗಿಹೋಗುತ್ತದೆ. ಕೆಳಗೊಂದು ಬಕೆಟ್, ಎದುರಿಗೆ ಟೇಬಲ್ ಫ್ಯಾನ್ ಇಡಿ. ಒಳಮೈ ಒಣಗಿದ ಮೇಲೆ ತಿರುಗಿಸಿ.

ಮಳೆಗಾಲದಲ್ಲಿ ಹೇಗೂ ಡೈವಿಂಗ್ ಇರಲ್ಲ. ಸುಮ್ನೆ ಬೀರುವಿನಲ್ಲಿ ತುರುಕಬೇಡಿ, ನಮ್ಮ ಕಡೆಯ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಆಗಾಗ ತೆಗೆದು ಫ್ಯಾನ್ ಗಾಳಿಗೆ ಹಾಕುತ್ತಿರಿ.